ಅಮಾಸೆಯ ಹತ್ತು ಗಂಟೆ

ಪ್ರಶ್ನೆ ಇಪ್ಪತ್ತೇಳು. ಐದು ಅಂಕ.
ಕೆಳಗಿನ ಆಧಾರ ಓದಿ. ಇತಿಹಾಸಕಾರನಿಗೆ
ಇದು ಎಷ್ಟರಮಟ್ಟಿಗೆ ಉಪಯುಕ್ತ?

ಆಧಾರ ನಾನೇ ಹೊಸೆದದ್ದು,
ಪ್ರಶ್ನೆಪತ್ರಿಕೆ ಸಮಿತಿಗೆ, ಒಂದು ಊಟದ ವಿರಾಮದಲ್ಲಿ.
ಇಲ್ಲದ ಅಮಲ್ದಾರ, ಇಲ್ಲದ ಸಹಿ,
ನಿಜಕ್ಕೆ ಇದ್ದದ್ದು ಉಪ್ಪಿನ ವರ್ಷ ಮಾತ್ರ:
"ಅಮಾವಾಸ್ಯೆಯಂದು ಬೆಳಿಗ್ಗೆ ಹತ್ತು ಗಂಟೆಗೆ
ಸಮುದ್ರ ಹಿಂದೆ ಸರಿದಿದ್ದಾಗ
ಮೂವತ್ತು ಜನ ದಂಡೆಗಿಳಿದು ಉಪ್ಪು ಬಾಚಿದರು.
ಚದುರಿಸಲಾಯಿತು. ಊರು ಶಾಂತವಾಗಿದೆ."
ಊರು ಶಾಂತವಾಗಿದೆ. ಆ ಸಾಲಿಗೆ
ಒಳಗೊಳಗೇ ಬೀಗಿದ್ದೆ.

ಪೂರ್ವಸಿದ್ಧತಾ ಪರೀಕ್ಷೆ, ಕಾರವಾರ ಕೇಂದ್ರ, ಮೂರನೆಯ ದಿನ.
ಫ್ಯಾನಿಗೆ ಹಾರದಂತೆ ಕಟ್ಟುಗಳ ಮೇಲೆ ಕಲ್ಲು, ಚಿಪ್ಪು,
ಯಾರದೋ ಟಿಫಿನ್ ಡಬ್ಬಿ.
ಎದುರಿಗೆ ರೇವಣಕರ ಸರ್. ಅವರು ಓದುವುದಿಲ್ಲ,
ಹೆಕ್ಕುತ್ತಾರೆ: ಸಮಕಾಲೀನ, ಒಂದು.
ಪ್ರಾಥಮಿಕ ಆಧಾರ, ಒಂದು. ಪೂರ್ವಾಗ್ರಹ, ಒಂದು.
ಮಿತಿಗಳೂ ಇವೆ, ಅರ್ಧ.
ಮೊರದಲ್ಲಿ ಕೇರಿದ ಹಾಗೆ ಮಕ್ಕಳು ಅತ್ತ ಇತ್ತ ಬೀಳುತ್ತಾರೆ.
ನಾನೂ ಅಷ್ಟೇ. ನಿನ್ನೆ ಅರವತ್ತೆರಡು ಮುಗಿಸಿದೆ.

ಅಷ್ಟರಲ್ಲಿ ಈ ಪತ್ರಿಕೆ.
ಹೆಸರಿಲ್ಲ, ಊರಿಲ್ಲ, ಗುಪ್ತ ಸಂಖ್ಯೆ ಮಾತ್ರ.
ಬರೆದದ್ದರ ಮೇಲೆಲ್ಲ ಶಾಯಿ ಉಜ್ಜಿದೆ: ಎಡಗೈ.
ಒತ್ತಕ್ಷರ ತಪ್ಪು, ಮಹಾಪ್ರಾಣಕ್ಕೆ ಪ್ರಾಣವೇ ಇಲ್ಲ.

"ಅಮಾಸೆ ದಿನ ಹತ್ತು ಗಂಟೆಗೆ ನಮ್ಮಲ್ಲಿ ಭರತಿ.
ನೀರು ಇಳಿಯುವುದು ಸಂಜೆ ನಾಲ್ಕರ ಮೇಲೆ.
ಹತ್ತಕ್ಕೆ ದಂಡೆಯೇ ಇರುವುದಿಲ್ಲ,
ಮೂವತ್ತು ಜನ ಎಲ್ಲಿ ನಿಂತರು?
ಅಂದರೆ ಅಮಲ್ದಾರರು ಅಲ್ಲಿಗೆ ಬರಲೇ ಇಲ್ಲ,
ಕುರ್ಚಿಯಲ್ಲಿ ಕೂತು ಬರೆದರು.
ಇಲ್ಲದಿದ್ದರೆ ಇದನ್ನು ಅವರು ಬರೆದದ್ದೇ ಅಲ್ಲ."

ಪೆನ್ನು ಕೆಳಗಿಟ್ಟೆ.

"ನಮ್ಮಜ್ಜಿ ಹೇಳುವಾಗ ಉಪ್ಪು ಒಂದು ಸೆರಗು.
ಅವಳ ತಂಗಿ ಹೇಳುವಾಗ ಒಂದು ಹೆಡಗೆ.
ಇಬ್ಬರೂ ಆಗ ಹುಟ್ಟಿರಲಿಲ್ಲ, ತಾಯಿ ಬಾಯಲ್ಲಿ ಕೇಳಿದ್ದು.
ಉಪ್ಪಿನ ಲೆಕ್ಕಕ್ಕೆ ಅವರನ್ನು ನಂಬಬಾರದು.
ನೀರಿನ ಲೆಕ್ಕಕ್ಕೆ ನಂಬಬೇಕು. ಯಾಕೆಂದರೆ ಇಬ್ಬರೂ
ಬಳಚು ಹೆಕ್ಕಿ ಬದುಕಿದವರು,
ಭರತಿಯ ಹೊತ್ತು ತಪ್ಪಿದರೆ ಜೀವಕ್ಕೇ ಬರುತ್ತದೆ.

ಆದರೂ ಈ ಪತ್ರ ಉಪಯುಕ್ತ.
ದಂಡೆಗೆ ಬಾರದವರು ದಂಡೆಯ ಬಗ್ಗೆ
ಹೇಗೆ ಬರೆಯುತ್ತಾರೆ ಎಂದು ಇದರಿಂದ ತಿಳಿಯುತ್ತದೆ."

ನಾನು ಮುಂಡಗೋಡಿನವ.
ಹನ್ನೊಂದು ವರ್ಷ ಇಲ್ಲಿ ಸಂಬಳ ಎಣಿಸಿದರೂ ಸಮುದ್ರವೆಂದರೆ
ಸಂಜೆಯ ವಾಕಿಂಗು, ಕಾಗದದ ಪೊಟ್ಟಣದಲ್ಲಿ ಚುರುಮುರಿ.

ಮಾದರಿ ಉತ್ತರ ತೆಗೆದು ನೋಡಿದೆ. ನನ್ನದೇ ಕೈಬರಹ.
ಯಾರು ಬರೆದರು, ಯಾವಾಗ, ಯಾರಿಗೆ, ಯಾಕೆ.
ಬರೆದವನ ಕಾಲು ಎಂದಾದರೂ ನೆನೆದಿತ್ತೇ ಎಂದು
ಎಲ್ಲೂ ಇಲ್ಲ.

"ಕೀ ನೋಡಿ ಎರಡೂವರೆ ಹಾಕಿ ಮಾರಾಯ್ರೆ,"
ರೇವಣಕರ ಸರ್, "ಚಾ ತಣಿತದೆ."

ಗೋಡೆಯ ಕ್ಯಾಲೆಂಡರಿನಲ್ಲಿ ನಾಳೆಯ ಮನೆಗೆ ಕಪ್ಪು ಚುಕ್ಕಿ.
ಪತ್ರಿಕೆಯನ್ನು ಕಟ್ಟಿನ ತಳಕ್ಕೆ ಸರಿಸಿದೆ.
ನಿಯಮವಲ್ಲ, ಗೊತ್ತು.

ಮರುದಿನ ಹಾಜರಿ ಹಾಕಿ, ಹತ್ತಕ್ಕೆ ಐದು ನಿಮಿಷ ಇರುವಾಗ
ಹೊಟ್ಟೆ ಸರಿಯಿಲ್ಲ ಎಂದು ಹೇಳಿ ಹೊರಬಿದ್ದೆ.
ರಸ್ತೆ ದಾಟಿ, ಗಾಳಿಮರಗಳ ನಡುವೆ.
ಹುಡುಗರು ಕ್ರಿಕೆಟ್ ಆಡುವ ಜಾಗ ಇರಲಿಲ್ಲ.
ಸ್ಟಂಪಿಗೆ ನೆಟ್ಟ ಮೂರು ಕೋಲುಗಳ ತುದಿ ಮಾತ್ರ,
ಅವೂ ಎದ್ದು ಎದ್ದು ಮುಳುಗುತ್ತಿದ್ದವು.
ಇಳಿದೆ. ಒಂದು ತೆರೆ ತಡವಿ ಹೋಯಿತು, ಇನ್ನೊಂದು ತಡವಲಿಲ್ಲ.
ಬಲೆ ಹೊಲಿಯುತ್ತಿದ್ದವ ತಲೆಯೆತ್ತಿದ:
"ಎಂತ ಹುಡುಕ್ತ್ರಿ ಮಾಸ್ತರ್ರೆ?"
ದಂಡೆ, ಎಂದೆ.
"ನಾಲ್ಕರ ಮೇಲೆ ಬನ್ನಿ."

ಮೇಜಿಗೆ ಮರಳಿ ಕೆಂಪು ಶಾಯಿಯಲ್ಲಿ ಐದು ಬರೆದು
ಸುತ್ತು ಹಾಕಿದೆ.
ಉಪಮುಖ್ಯ ಪರೀಕ್ಷಕರು ಕನ್ನಡಕ ಮೇಲೆ ತಳ್ಳಿದರು.
"ಐದಕ್ಕೆ ಐದೇ? ಯಾವ ಆಧಾರದ ಮೇಲೆ?"

ಮೇಜಿನ ಅಡಿಯಿಂದ ಕಾಲು ಹೊರಗೆ ಚಾಚಿದೆ.
ಪ್ಯಾಂಟು ಮೊಣಕಾಲಿನ ತನಕ ಒದ್ದೆ.